ಪಾಠ ಒಂದೇ, ನಿಯಮಗಳು ಹಲವು: ಬಹುಚರ ಕಲನದ ತರಗತಿಯ ಕಥೆ

1854ರ ಫೆಬ್ರವರಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಸ್ಮಿತ್ ಬಹುಮಾನದ ಪರೀಕ್ಷೆ ನಡೆಯುತ್ತಿತ್ತು. ಪ್ರಶ್ನಪತ್ರಿಕೆ ತಯಾರಿಸಿದವರು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಅದರಲ್ಲಿದ್ದ ಒಂದು ಪ್ರಶ್ನೆ, ಮೇಲ್ಮೈಯೊಂದರ ಮೇಲಿನ ಅನುಕಲಕ್ಕೂ ಅದರ ಅಂಚಿನ ಸುತ್ತಲಿನ ಅನುಕಲಕ್ಕೂ ಇರುವ ಸಮತೆಯನ್ನು ಸಾಧಿಸಲು ಕೇಳಿತ್ತು. ಈ ಫಲಿತಾಂಶವನ್ನು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು) 1850ರ ಜುಲೈನಲ್ಲೇ ಸ್ಟೋಕ್ಸ್‌ಗೆ ಪತ್ರದಲ್ಲಿ ತಿಳಿಸಿದ್ದರು. ಆದರೆ ಅದು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು ಈ ಪ್ರಶ್ನಪತ್ರಿಕೆಯಲ್ಲಿ! ಅಂದು ಪರೀಕ್ಷೆ ಬರೆದವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಬ್ಬರು. ಬಹುಮಾನವನ್ನು ಅವರೂ ಎಡ್ವರ್ಡ್ ರೌತ್ ಅವರೂ ಹಂಚಿಕೊಂಡರು. ಮುಂದೆ ವಿದ್ಯುತ್ಕಾಂತತೆಯ ಸಿದ್ಧಾಂತದಲ್ಲಿ ಮ್ಯಾಕ್ಸ್‌ವೆಲ್ ಇದೇ ಪ್ರಮೇಯವನ್ನು ಬಳಸಿಕೊಂಡರು.

ಇಂದು ಸ್ಟೋಕ್ಸ್ ಪ್ರಮೇಯವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುತ್ತಾರೆ. ಆಂಶಿಕ ಅವಕಲನ, ದ್ವಿ ಮತ್ತು ತ್ರಿ ಅನುಕಲಗಳು, ಗ್ರೀನ್ ಮತ್ತು ಸ್ಟೋಕ್ಸ್ ಪ್ರಮೇಯಗಳು – ಈ ಪಾಠಗಳ ಗಣಿತ ನೂರೈವತ್ತು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಅವುಗಳ ಸುತ್ತಲಿನ ನಿಯಮಗಳು: ಯಾವ ಭಾಷೆಯಲ್ಲಿ ಪಾಠ, ಎಷ್ಟು ಹಾಜರಾತಿ, ಯಾವ ಬಗೆಯ ಪ್ರಶ್ನಪತ್ರಿಕೆ, ವಿದ್ಯಾರ್ಥಿಗೆ ಮೊದಲೇ ಏನು ತಿಳಿದಿರಬೇಕೆಂಬ ನಿರೀಕ್ಷೆ. ಈ ನಿಯಮಗಳು ಗಣಿತದ ಹೊರಗಿನವು ಎಂದು ನಾವು ಭಾವಿಸುತ್ತೇವೆ. ನಿಜಕ್ಕೂ ಹಾಗಿದೆಯೆ? ಬೀದರ್ ಜಿಲ್ಲೆಯ ಒಂದು ಊರನ್ನು ಆಧಾರವಾಗಿಟ್ಟುಕೊಂಡು ನೋಡೋಣ.

ಒಂದು ಊರು, ನಾಲ್ಕು ವಿಶ್ವವಿದ್ಯಾನಿಲಯಗಳು

ಮನ್ನಾಏಖೇಳ್ಳಿ ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಈ ಊರಿನ ವಿದ್ಯಾರ್ಥಿ ಪದವಿಯ ಗಣಿತಕ್ಕಾಗಿ ಯಾವ ದಿಕ್ಕಿನ ಬಸ್ಸು ಹತ್ತಬೇಕು ಎಂಬುದನ್ನು ಕಳೆದ ನೂರು ವರ್ಷಗಳಲ್ಲಿ ರಾಜಕೀಯ ಚರಿತ್ರೆಯೇ ನಿರ್ಧರಿಸಿದೆ.

ನಿಜಾಮರ ಕಾಲದಲ್ಲಿ ದಾರಿ ಪೂರ್ವಕ್ಕಿತ್ತು. ಹೈದರಾಬಾದಿನಲ್ಲಿ 1887ರಲ್ಲಿ ಆರಂಭವಾದ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಬೇರೆಯೇ ನೀತಿಯನ್ನು ಕೈಗೊಂಡಿತು. ಅಲ್ಲಿ ವಿಜ್ಞಾನವೂ ಗಣಿತವೂ ಉರ್ದುವಿನಲ್ಲಿ. ಇಂಗ್ಲಿಷ್ ಒಂದು ಕಡ್ಡಾಯ ವಿಷಯ ಮಾತ್ರ. ಇದಕ್ಕಾಗಿ 1917ರಲ್ಲೇ ಒಂದು ಅನುವಾದ ಇಲಾಖೆ ಸ್ಥಾಪಿತವಾಗಿತ್ತು. ಅದು ಪಠ್ಯಗಳನ್ನು ಅನುವಾದಿಸಿದ್ದಲ್ಲದೆ ಪಾರಿಭಾಷಿಕ ಪದಗಳನ್ನೂ ರೂಪಿಸಿತು. ಭಾರತೀಯ ಭಾಷೆಯೊಂದರಲ್ಲಿ ಕಲನಶಾಸ್ತ್ರವನ್ನು ಪದವಿ ಮಟ್ಟದಲ್ಲಿ ಬೋಧಿಸಬಹುದೆಂದು ಉಸ್ಮಾನಿಯಾ ತೋರಿಸಿಕೊಟ್ಟಿತು.

ಇದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಏನಾಗುತ್ತಿತ್ತು? 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ ಇಂಗ್ಲಿಷ್ ಮಾಧ್ಯಮವನ್ನೇ ಇಟ್ಟುಕೊಂಡಿತು. ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸವನ್ನು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯ ಮೂಲಕ ಕೈಗೊಂಡರು. ಅದು ಎರಡು ವರ್ಷ ನಡೆದು ನಿಂತಿತು. ಒಂದು ಕಡೆ ಸರ್ಕಾರದ ಇಲಾಖೆ, ಇನ್ನೊಂದು ಕಡೆ ಕೆಲವರ ಉತ್ಸಾಹ. ಈ ಅಂತರವನ್ನು ನೀವು ಗಮನಿಸಬೇಕು.

ಹಾಗೆಂದು ಉಸ್ಮಾನಿಯಾದ ನೀತಿಯಿಂದ ಎಲ್ಲರಿಗೂ ಸಮಾನ ಅನುಕೂಲವಾಯಿತೆಂದಲ್ಲ. ಮನೆಯಲ್ಲಿ ಕನ್ನಡ, ಮರಾಠಿ ಅಥವಾ ತೆಲುಗು ಆಡುವ ಬೀದರ್ ಸೀಮೆಯ ಹುಡುಗನಿಗೆ ಉರ್ದುವೂ ಕಲಿತೇ ಬರಬೇಕಾದ ಭಾಷೆ. ತನ್ನ ನುಡಿಯಲ್ಲಿ ಕಲಿಯುವ ಹಕ್ಕು ಅವನಿಗೆ ಆಗಲೂ ಸಿಗಲಿಲ್ಲ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಬಳಿಕ ಉಸ್ಮಾನಿಯಾ ಇಂಗ್ಲಿಷಿಗೆ ಹೊರಳಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆ ಒಡೆದು ಹಂಚಿಹೋಯಿತು. ಬೀದರ್, ಹುಮನಾಬಾದ್, ಭಾಲ್ಕಿ ಭಾಗ ಮೈಸೂರು ರಾಜ್ಯಕ್ಕೆ ಬಂತು. ಜಹೀರಾಬಾದ್ ಆಂಧ್ರಪ್ರದೇಶಕ್ಕೂ ಉದಗೀರ್ ಮುಂಬಯಿ ರಾಜ್ಯಕ್ಕೂ ಹೋದವು. ಇಲ್ಲಿನ ಕಾಲೇಜುಗಳ ದಾರಿ ಈಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದತ್ತ ತಿರುಗಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯ ಹುಟ್ಟಿತು. ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕೆಳಗೆ ಬಂದವು. ಎಂಬತ್ತು ವರ್ಷಗಳಲ್ಲಿ ನಾಲ್ಕು ವಿಶ್ವವಿದ್ಯಾನಿಲಯಗಳು!

ಪ್ರಶ್ನಪತ್ರಿಕೆ ಕಲಿಸುವ ಪಾಠ

ಈಗ ಪರೀಕ್ಷೆಯ ನಿಯಮಕ್ಕೆ ಬರೋಣ. ತಾಂತ್ರಿಕ ವಿಶ್ವವಿದ್ಯಾನಿಲಯದ 2010ರ ಯೋಜನೆಯಲ್ಲಿ ಗಣಿತಕ್ಕೆ ಆಂತರಿಕ ಅಂಕ 25, ಪರೀಕ್ಷೆಗೆ 100. ಪ್ರಶ್ನಪತ್ರಿಕೆಯಲ್ಲಿ ಎರಡು ಭಾಗ, ಒಟ್ಟು ಎಂಟು ಪ್ರಶ್ನೆಗಳು. ಪ್ರತಿ ಭಾಗದಿಂದ ಕನಿಷ್ಠ ಎರಡನ್ನು ಆಯ್ದು ಒಟ್ಟು ಐದಕ್ಕೆ ಉತ್ತರಿಸಬೇಕು. ಎರಡನೆಯ ಸೆಮಿಸ್ಟರಿನ ಗಣಿತದಲ್ಲಿ ಮೊದಲ ಭಾಗ ಅವಕಲ ಸಮೀಕರಣಗಳದು. ಎರಡನೆಯ ಭಾಗದಲ್ಲಿ ಬಹು ಅನುಕಲ, ಸದಿಶ ಅನುಕಲ, ಮತ್ತು ಲಾಪ್ಲಾಸ್ ರೂಪಾಂತರದ ಎರಡು ಘಟಕಗಳು.

ನೀವೇ ಲೆಕ್ಕ ಹಾಕಿ. ಮೊದಲ ಭಾಗದಿಂದ ಮೂರು, ಎರಡನೆಯ ಭಾಗದಿಂದ ಲಾಪ್ಲಾಸ್ ಎರಡು: ಐದು ಪ್ರಶ್ನೆ ಮುಗಿಯಿತು. ಬಹು ಅನುಕಲವನ್ನೂ ಸ್ಟೋಕ್ಸ್ ಪ್ರಮೇಯವನ್ನೂ ಮುಟ್ಟದೆಯೇ ನೂರಕ್ಕೆ ನೂರು ಪಡೆಯಬಹುದಿತ್ತು. ಪ್ರಶ್ನಪತ್ರಿಕೆಯಲ್ಲಿ ಮೊದಲು ಬೆಳಕು ಕಂಡ ಪ್ರಮೇಯ ಪ್ರಶ್ನಪತ್ರಿಕೆಯ ನಿಯಮದಿಂದಲೇ ಮರೆಯಾಗುವ ಸ್ಥಿತಿ ಇತ್ತು. ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ, ಬಿಡಬಹುದೆಂದು ನಿಯಮವೇ ಹೇಳಿದ್ದನ್ನು ಅವನು ಬಿಟ್ಟ.

2015ರ ಯೋಜನೆ ಇದನ್ನು ಸರಿಪಡಿಸಿತು. ಪಠ್ಯವನ್ನು ಐದು ಘಟಕಗಳಾಗಿ ವಿಂಗಡಿಸಿ, ಆಯ್ಕೆಯನ್ನು ಪ್ರತಿ ಘಟಕದ ಒಳಗೇ ಇಟ್ಟಿತು. 2022ರ ಯೋಜನೆಯಲ್ಲಿ ನಿರಂತರ ಮೌಲ್ಯಮಾಪನಕ್ಕೆ 50, ಅಂತಿಮ ಪರೀಕ್ಷೆಗೆ 50 ಅಂಕಗಳಾದವು. ಗಣಿತಕ್ಕೆ ಕಂಪ್ಯೂಟರ್ ಪ್ರಯೋಗಗಳೂ ಸೇರಿದವು. ಇದು ಒಳ್ಳೆಯ ಬದಲಾವಣೆಯೇ. ಆದರೆ ಅರ್ಧ ಅಂಕ ಅಧ್ಯಾಪಕರ ಕೈಗೆ ಬಂದಾಗ ಅವರ ಹೊಣೆಯೂ ಅಷ್ಟೇ ಹೆಚ್ಚಿತು.

ಹಾಜರಾತಿಯ ನಿಯಮ 85 ಪ್ರತಿಶತ. 52 ಗಂಟೆಗಳ ಪಾಠದಲ್ಲಿ 45ಕ್ಕೆ ಹಾಜರಿರಬೇಕು, ಏಳನ್ನು ಮಾತ್ರ ತಪ್ಪಿಸಬಹುದು. ವಿದ್ಯಾರ್ಥಿ ನಿಲಯದಲ್ಲಿರುವವರಿಗೆ ಇದು ಸುಲಭ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದು ಮೊದಲ ಗಂಟೆಯ ಗಣಿತಕ್ಕೆ ಹತ್ತು ನಿಮಿಷ ತಡವಾದವರಿಗೆ ಅದೇ ಏಳು ಬಲು ಬೇಗ ಮುಗಿಯುತ್ತದೆ. ನಿಯಮ ಎಲ್ಲರಿಗೂ ಒಂದೇ, ಅದರ ಭಾರ ಒಂದೇ ಅಲ್ಲ.

ಬರೆಯದೆ ಉಳಿದ ನಿರೀಕ್ಷೆ

ಇವೆಲ್ಲ ಬರೆದಿಟ್ಟ ನಿಯಮಗಳು. ಬರೆಯದ ನಿರೀಕ್ಷೆಗಳು ಇನ್ನೂ ಕಠಿಣ. ಉದಾಹರಣೆಗೆ, ಪಿಯುಸಿಯಲ್ಲಿ ಪರಿಮಿತಿ ಎಂದರೆ ಎಡ ಮತ್ತು ಬಲ ಎರಡೇ ದಿಕ್ಕುಗಳಿಂದ ಸಮೀಪಿಸುವುದು. ಎರಡು ಚರಗಳಾದೊಡನೆ ದಿಕ್ಕುಗಳು ಅಸಂಖ್ಯ. ಎರಡು ಚರಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿ ನೋಡಿ. ಅಕ್ಷಗಳ ಮೇಲೆ ಮೂಲಬಿಂದುವಿನತ್ತ ಬಂದರೆ ಬೆಲೆ ಸೊನ್ನೆ. ಎರಡೂ ಚರಗಳು ಸಮವಾಗಿರುವ ರೇಖೆಯ ಮೇಲೆ ಬಂದರೆ ಅರ್ಧ. ಆದ್ದರಿಂದ ಮೂಲಬಿಂದುವಿನಲ್ಲಿ ಪರಿಮಿತಿಯೇ ಇಲ್ಲ. ಆದರೂ ಅಲ್ಲಿ ಫಲನದ ಬೆಲೆಯನ್ನು ಸೊನ್ನೆ ಎಂದಿಟ್ಟುಕೊಂಡರೆ ಎರಡೂ ಆಂಶಿಕ ಅವಕಲಗಳು ದೊರೆಯುತ್ತವೆ! ಈ ಚಿತ್ರವನ್ನು ಮನಸ್ಸಿನಲ್ಲಿ ಮೂಡಿಸದೆ ಸೂತ್ರಕ್ಕೆ ಹೋದರೆ ವಿದ್ಯಾರ್ಥಿ ಬಾಯಿಪಾಠಕ್ಕೆ ಶರಣಾಗುತ್ತಾನೆ.

ಭಾಷೆಯ ಪ್ರಶ್ನೆಯೂ ಇದರಲ್ಲೇ ಸೇರಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು ಹೊಸ ಕಲ್ಪನೆಯನ್ನೂ ಹೊಸ ಭಾಷೆಯನ್ನೂ ಒಟ್ಟಿಗೆ ಎದುರಿಸುತ್ತಾರೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ ಮುಂದೆ ಬಂದ ಕಾಲೇಜುಗಳೂ ವಿದ್ಯಾರ್ಥಿಗಳೂ ವಿರಳ. ಅನುಮತಿ ಕೊಟ್ಟರಷ್ಟೇ ಸಾಲದು. ಪುಸ್ತಕ, ಪದ, ಅಧ್ಯಾಪಕ ಮೂರೂ ಮೊದಲೇ ಸಿದ್ಧವಿರಬೇಕು. ಉಸ್ಮಾನಿಯಾ ಪಾಠಕ್ಕೆ ಮುನ್ನವೇ ಅನುವಾದ ಇಲಾಖೆ ತೆರೆದದ್ದರ ಮರ್ಮ ಇದೇ.

ಮೊದಲ ದಿನ ಏನು ಮಾಡಬಹುದು?

ನೀವು ಅಧ್ಯಾಪಕರಾಗಿದ್ದರೆ, ಮೊದಲ ಗಂಟೆಯಲ್ಲಿ ಒಂದು ಹಾಳೆ ಹಂಚಿ. ಪಿಯುಸಿ ಗಣಿತದಲ್ಲಿ ಯಾವ ಹತ್ತು ಅಂಶಗಳು ಬೇಕೇ ಬೇಕು, ಆಂತರಿಕ ಅಂಕ ಹೇಗೆ ಕೊಡುತ್ತೀರಿ, ತರಗತಿ ತಪ್ಪಿದರೆ ಯಾವಾಗ ಬಂದು ಕೇಳಬಹುದು – ಇವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಜೊತೆಗೆ ಮೂವತ್ತು ಪಾರಿಭಾಷಿಕ ಪದಗಳ ಪಟ್ಟಿ ಇರಲಿ. ಇದಕ್ಕೆ ಯಾವ ವಿಶ್ವವಿದ್ಯಾನಿಲಯದ ಅನುಮತಿಯೂ ಬೇಕಿಲ್ಲ. ನೀವು ವಿದ್ಯಾರ್ಥಿಯಾಗಿದ್ದರೆ, ಅಂಥ ಹಾಳೆಯನ್ನು ಕೇಳಲು ಸಂಕೋಚಪಡಬೇಡಿ.

ತ್ರಿ ಅನುಕಲ ಆರಂಭಿಸುವ ದಿನ ಬಸವಕಲ್ಯಾಣವನ್ನು ನೆನೆಯಿರಿ. ಆ ಊರು ಚಾಲುಕ್ಯರ ರಾಜಧಾನಿ ಕಲ್ಯಾಣವಾಗಿದ್ದ ಕಾಲದಲ್ಲೇ, 1150ರಲ್ಲಿ, ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ ರಚಿಸಿದರು. ಗೋಳದ ಮೇಲ್ಮೈಯನ್ನು ಸಣ್ಣ ಸಣ್ಣ ತುಂಡುಗಳಾಗಿ ಸೀಳಿ ಕೂಡಿಸಿ ಅದರ ವಿಸ್ತೀರ್ಣವನ್ನು, ಕೇಂದ್ರದಲ್ಲಿ ತುದಿ ಸೇರುವ ಸೂಜಿಯಂಥ ಶಂಕುಗಳಾಗಿ ಗೋಳವನ್ನು ಭಾಗಿಸಿ ಅದರ ಘನಫಲವನ್ನು ಅವರು ವಿವರಿಸಿದರು. ಅದೇ ಘನಫಲವನ್ನು ನಿಮ್ಮ ವಿದ್ಯಾರ್ಥಿಗಳು ತ್ರಿ ಅನುಕಲದಿಂದ ಪಡೆಯಲಿ. ಎರಡು ಉತ್ತರಗಳೂ ಒಂದೇ ಎಂದು ಕರಿಹಲಗೆಯ ಮೇಲೆ ಕಂಡಾಗ, ಹಿಂದಿನ ಬೆಂಚಿನಲ್ಲಿ ಮಾತಾಡದೆ ಕುಳಿತವನಿಗೂ ಪ್ರಶ್ನೆ ಕೇಳುವ ಧೈರ್ಯ ಬಂದೀತು.