ಹನ್ನೆರಡನೇ ತರಗತಿಯ ಓದಿಗೆ ಕಾಲೇಜಿನಲ್ಲಿ ಬೆಲೆಯೆಷ್ಟು?

ಮುಂಬಯಿಯ ವಿಕ್ರೋಳಿಯ ಕನ್ನಂವಾರ್ ನಗರ, ಟಾಗೋರ್ ನಗರಗಳ ಕನ್ನಡ ಮನೆಗಳಲ್ಲಿ ಎಸ್ಸೆಸ್ಸಿ (ಹತ್ತನೇ ತರಗತಿ) ಫಲಿತಾಂಶ ಬಂತೆಂದರೆ ಶುರುವಾಗುವ ಚರ್ಚೆ ಒಂದೇ: ಮಗುವನ್ನು ಡಿಪ್ಲೊಮಾಕ್ಕೆ ಹಾಕುವುದೋ, ಹನ್ನೊಂದು, ಹನ್ನೆರಡನೇ ತರಗತಿಗಳ ಜೂನಿಯರ್ ಕಾಲೇಜಿಗೋ? ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಹನ್ನೆರಡನೇ ತರಗತಿಯಲ್ಲಿ ಎಷ್ಟೇ ಅಂಕ ತೆಗೆದವರೂ ಮೊದಲ ವರ್ಷದಿಂದಲೇ ಹೊರಡಬೇಕು. ಕಲಿತದ್ದನ್ನು ಮುಂದಿನ ಮೆಟ್ಟಿಲಲ್ಲಿ ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮಲ್ಲಿ ಬೆಳೆದದ್ದು ಹೀಗೆ, ಓರೆಕೋರೆಯಾಗಿ.

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಆಗ ಶಾಲೆಯ ಕೊನೆಯ ಪರೀಕ್ಷೆಯೂ ವಿಶ್ವವಿದ್ಯಾಲಯದ ಕೈಯಲ್ಲೇ ಇತ್ತು. ಮುಂದೆ ಎಸ್ಸೆಸ್ಸಿ ಮಂಡಳಿ ಬಂದ ಮೇಲೂ ಹನ್ನೊಂದು ವರ್ಷದ ಶಾಲೆ, ನಾಲ್ಕು ವರ್ಷದ ಪದವಿ ಎಂಬ ಕ್ರಮ ಬಹುಕಾಲ ಉಳಿಯಿತು. 1964–66ರ ಕೊಠಾರಿ ಆಯೋಗದ ನಂತರ, ಎಪ್ಪತ್ತರ ದಶಕದಲ್ಲಿ, ಮಹಾರಾಷ್ಟ್ರ 10+2+3ಕ್ಕೆ ಹೊರಳಿತು. ಒಟ್ಟು ಹದಿನೈದು ವರ್ಷ ಹಾಗೆಯೇ ಉಳಿದರೂ, ಹಿಂದೆ ಕಾಲೇಜಿನ ಮೊದಲ ವರ್ಷವಾಗಿದ್ದ ಹನ್ನೆರಡನೆಯ ವರ್ಷ ಜೂನಿಯರ್ ಕಾಲೇಜಿನ ಪಾಲಾಯಿತು. ನನ್ನ ದೃಷ್ಟಿಯಲ್ಲಿ ಇದು ಇಡೀ ಪೀಳಿಗೆಗೆ ಒಮ್ಮೆಲೇ ಸಿಕ್ಕ ರಿಯಾಯಿತಿ. ಆದರೆ ಒಬ್ಬೊಬ್ಬ ವಿದ್ಯಾರ್ಥಿಯ ಸಾಮರ್ಥ್ಯವನ್ನು ತೂಗಿ ನೋಡುವ ಕ್ರಮ ಅದರಿಂದ ಹುಟ್ಟಲಿಲ್ಲ.

ಅಮೆರಿಕ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಐವತ್ತರ ದಶಕದಿಂದ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳನ್ನು ನಡೆಸುತ್ತಿದೆ. ಒಂದರಿಂದ ಐದರವರೆಗಿನ ಅಂಕದಲ್ಲಿ ಮೂರೋ ಅದಕ್ಕಿಂತ ಹೆಚ್ಚೋ ಬಂದರೆ ಅನೇಕ ವಿಶ್ವವಿದ್ಯಾಲಯಗಳು ಕ್ರೆಡಿಟ್, ಅಂದರೆ ಆ ವಿಷಯವನ್ನು ಕಾಲೇಜಿನಲ್ಲೇ ಓದಿ ಮುಗಿಸಿದ ಮನ್ನಣೆ, ಕೊಡುತ್ತವೆ. ಕೆಲವು ಐದನ್ನೇ ಕೇಳುತ್ತವೆ, ಇನ್ನು ಕೆಲವು ಮೇಲಿನ ತರಗತಿಗೆ ಕೂರಿಸುತ್ತವೆಯೇ ಹೊರತು ಕ್ರೆಡಿಟ್ ಕೊಡುವುದಿಲ್ಲ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳಿಗೆ ಇದು ದುಡ್ಡಿನ ಲೆಕ್ಕವೂ ಹೌದು: ಕ್ರೆಡಿಟ್ ಸಿಕ್ಕರೆ, ಕ್ಯಾಲ್ಕುಲಸ್ಸನ್ನು ಹೈಸ್ಕೂಲಿನಲ್ಲೇ ಮುಗಿಸಿದ ಮಗು ಕಾಲೇಜಿನಲ್ಲಿ ಅದಕ್ಕೆ ಮತ್ತೆ ಶುಲ್ಕ ಕಟ್ಟಬೇಕಾಗುವುದಿಲ್ಲ.

ನಮ್ಮಲ್ಲಿ ಇಂಥ ಮನ್ನಣೆ ಸಿಕ್ಕಿದ್ದು ತಾಂತ್ರಿಕ ಶಿಕ್ಷಣಕ್ಕೆ. ವಿಕ್ರೋಳಿ ಗೋದ್ರೇಜ್ ಕಾರ್ಖಾನೆಯ ಊರು, ಐಟಿಐ ಮತ್ತು ಅಪ್ರೆಂಟಿಸ್‌ಶಿಪ್ ಇಲ್ಲಿ ಮನೆಮಾತು. ಐಟಿಐ ಅಥವಾ ಹನ್ನೆರಡನೇ ವಿಜ್ಞಾನ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುತ್ತಾರೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಡಿಪ್ಲೊಮಾ ಅಂಕಗಳ ಮೆರಿಟ್ ಸಾಕು, ಕರ್ನಾಟಕದಲ್ಲಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಪಕ್ಕದ ಪೊವಾಯಿಯ ಐಐಟಿಯಲ್ಲಿ ಮಾತ್ರ ಈ ಬಾಗಿಲೇ ಇಲ್ಲ.

ಹೀಗೆ ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಸೇರಿದರೆ ಒಂದು ವರ್ಷ ಉಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಎಸ್ಸೆಸ್ಸಿಯ ನಂತರ ಡಿಪ್ಲೊಮಾದ ಮೂರು, ಇಂಜಿನಿಯರಿಂಗಿನ ಮೂರು, ಒಟ್ಟು ಆರು ವರ್ಷ. ಜೂನಿಯರ್ ಕಾಲೇಜಿನ ಎರಡು, ಇಂಜಿನಿಯರಿಂಗಿನ ನಾಲ್ಕು, ಅದೂ ಆರೇ. ಉಳಿಯುವುದು ವರ್ಷವಲ್ಲ, ಹತ್ತೊಂಬತ್ತರ ಹೊತ್ತಿಗೆ ಕೈಗೊಂದು ಕೆಲಸ ಬರುವ ಭರವಸೆ. ಸಂಬಳ ನಂಬಿ ಬದುಕುವ ಮನೆಗೆ ಅದು ಸಣ್ಣ ಮಾತಲ್ಲ. ಆದರೆ ಹಾಗೆ ಎರಡನೇ ವರ್ಷಕ್ಕೆ ಬಂದವರ ಮುಂದೆ ಮೂರನೇ ಸೆಮಿಸ್ಟರಿನಲ್ಲೇ ಲಾಪ್ಲಾಸ್ ರೂಪಾಂತರ, ಫೂರಿಯೇ ಶ್ರೇಣಿಗಳು ಬಂದು ನಿಲ್ಲುತ್ತವೆ. ಮೊದಲ ವರ್ಷದ ಗಣಿತವನ್ನು ಅವರು ಓದಿರುವುದಿಲ್ಲ. ಡಿಪ್ಲೊಮಾದಲ್ಲಿ ಮುಂದಿದ್ದವರೂ ಈ 'ಎಂ-3'ರಲ್ಲಿ (ಮೂರನೇ ಸೆಮಿಸ್ಟರಿನ ಗಣಿತ) ಕೇಟಿ, ಅಂದರೆ ಪಾಸಾಗದೆ ಉಳಿದ ಪತ್ರಿಕೆ, ಹೊತ್ತು ತಿರುಗುತ್ತಾರೆ. ಈ ಕೊರತೆ ತುಂಬಬೇಕಾದ ಬ್ರಿಡ್ಜ್ ಕೋರ್ಸನ್ನು ಕಾಟಾಚಾರಕ್ಕೆ ನಡೆಸುವ ಕಾಲೇಜುಗಳು ಈ ಮಕ್ಕಳಿಗೆ ಮಾಡುತ್ತಿರುವುದು ಅನ್ಯಾಯ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 2021ರಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂದವು. ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40. ಹನ್ನೆರಡನೇ ತರಗತಿಯದು 4ನೇ ಹಂತ, ಪದವಿಯ ಮೊದಲ ವರ್ಷದ್ದು 4.5. ಶಾಲೆಯೂ ಕಾಲೇಜೂ ಒಂದೇ ಏಣಿಯಲ್ಲಿ ಬಂದು ನಿಂತದ್ದು ದೊಡ್ಡ ಸಂಗತಿ. ಆದರೂ ಹನ್ನೆರಡರ ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ ಬಿಎಸ್ಸಿಗೆ ಸೇರಿದರೆ, ಲಿಮಿಟ್, ಡಿರೈವೇಟಿವ್‌ಗಳನ್ನು ಮೊದಲಿನಿಂದ ಕೇಳುತ್ತಾ ಕೂರಬೇಕು.

ಅಂಥವರಿಗೆ ಸೆಮಿಸ್ಟರಿನ ಆರಂಭದಲ್ಲೇ ಒಂದು ಪರೀಕ್ಷೆ ಇಟ್ಟು, ಗೆದ್ದವರನ್ನು ಮುಂದಿನ ಪತ್ರಿಕೆಗೆ ಬಿಡುವುದು ವಿಶ್ವವಿದ್ಯಾಲಯಗಳಿಗೆ ಕಷ್ಟದ ಕೆಲಸವಲ್ಲ. ಅಲ್ಲಿಯವರೆಗೆ ಪಾಲಕರಲ್ಲಿ ಒಂದು ವಿನಂತಿ: ಎರಡನೇ ವರ್ಷದ ಸೀಟು ಹಿಡಿಯುವ ಮೊದಲು ಆ ಕಾಲೇಜಿನ ಬ್ರಿಡ್ಜ್ ಕೋರ್ಸಿನ ವೇಳಾಪಟ್ಟಿಯನ್ನು ಕೇಳಿ ಪಡೆಯಿರಿ, ಮೇ ತಿಂಗಳ ರಜೆಯಲ್ಲೇ ಮಗುವಿನ ಕೈಗೆ ಮೊದಲ ವರ್ಷದ ಗಣಿತದ ಪುಸ್ತಕ ಕೊಡಿ.