ಸಾಲು ಇದೆ, ಆದ್ರೆ ಸಿಗಲ್ಲ: ಪೋಸ್ಟ್‌ಗ್ರೆಸ್ ಸ್ಥಳಾಂತರದ ಕಥೆ

ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಕೂತು ಶನಿವಾರ ರಾತ್ರಿ ಕಟ್‌ಓವರ್ ಕಾಲ್‌ಗೆ ಸೇರೋ ನಮ್ಮವರಿಗೆ ಇವತ್ತಿನ ವಿಷಯ ಹೊಸದೇನಲ್ಲ. ಹಳೇ ಸರ್ವರ್‌ನಲ್ಲಿರೋ ಡೇಟಾಬೇಸನ್ನು ಹೊಸ ಸರ್ವರ್‌ಗೆ, ಹೊಸ ವರ್ಷನ್‌ಗೆ ಒಯ್ಯೋದು. ಹೇಗೆ ಮಾಡೋದು ಅಂತ ಹೇಳೋ ವೀಡಿಯೊಗಳು ಬೇಕಾದಷ್ಟಿವೆ. ನಾವು ಇವತ್ತು ನೋಡೋದು ಈ ಕೆಲಸದ ಇತಿಹಾಸ. ಅದು ಗೊತ್ತಿಲ್ಲದಿದ್ದರೆ ಕಣ್ಣೆದುರಿಗಿರೋ ಡೇಟಾನೇ ಕಾಣದೆ ಹೋಗಬಹುದು. ಉದಾಹರಣೆಗೆ ಪೋಸ್ಟ್‌ಗ್ರೆಸ್ ತಗೊಳ್ಳೋಣ.

1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಶುರುವಾದ ಯೋಜನೆ ಇದು. 1994ರಲ್ಲಿ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಇದಕ್ಕೆ ಎಸ್‌ಕ್ಯೂಎಲ್ ಜೋಡಿಸಿದರು. 1996ರಲ್ಲಿ ಈಗಿನ ಹೆಸರು ಬಂತು. ಅಲ್ಲಿಂದ ಬಹಳ ವರ್ಷ, ದೊಡ್ಡ ವರ್ಷನ್ ಬದಲಿಸೋಕೆ ಮುಖ್ಯ ದಾರಿ ಅಂದ್ರೆ ಡಂಪ್ ಮತ್ತು ರಿಸ್ಟೋರ್. ಯಾಕೆ? ಪ್ರತಿ ದೊಡ್ಡ ಬಿಡುಗಡೆಯಲ್ಲೂ ಒಳಗಿನ ಸಿಸ್ಟಮ್ ಕ್ಯಾಟಲಾಗ್‌ನ ರಚನೆ ಬದಲಾಗುತ್ತದೆ. ಹಳೇ ಡೇಟಾ ಡೈರೆಕ್ಟರಿಯನ್ನು ಹೊಸ ವರ್ಷನ್ ತೆರೆಯೋದೇ ಇಲ್ಲ. ಹಾಗಾಗಿ ಎಲ್ಲವನ್ನೂ ಹೊರಗೆ ಬರೆಸಿ, ಹೊಸ ಕಡೆ ಮೊದಲಿಂದ ತುಂಬಿ, ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಿತ್ತು. ಡೇಟಾ ಬೆಳೆದಂತೆ ಇದು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಸೇವೆ ಬಂದ್.

2010ರಲ್ಲಿ ಬಂದ 9.0 ವರ್ಷನ್ ಈ ಕಷ್ಟಕ್ಕೆ ಎರಡು ಪರಿಹಾರ ತಂತು. ಒಂದು, ಪಿಜಿ ಅಪ್‌ಗ್ರೇಡ್. ಬ್ರೂಸ್ ಮೊಮ್ಜಿಯನ್ ಇದರ ಪ್ರಮುಖ ಕರ್ತೃ. ಕ್ಯಾಟಲಾಗ್ ಬದಲಾದರೂ ಟೇಬಲ್ ಫೈಲುಗಳ ರೂಪ ಸಾಮಾನ್ಯವಾಗಿ ಬದಲಾಗಲ್ಲ. ಹಾಗಾದ್ರೆ ಕ್ಯಾಟಲಾಗ್ ಮಾತ್ರ ಹೊಸದಾಗಿ ಮಾಡಿ, ಉಳಿದ ಫೈಲುಗಳನ್ನು ಇದ್ದ ಹಾಗೇ ಬಳಸೋಣ ಅನ್ನೋ ಯೋಚನೆ. ಇನ್ನೊಂದು, ಸ್ಟ್ರೀಮಿಂಗ್ ರೆಪ್ಲಿಕೇಷನ್. ಹಳೇ ಸರ್ವರ್‌ನ ಪಡಿಯಚ್ಚನ್ನು ಹೊಸ ಸರ್ವರ್‌ನಲ್ಲಿ ಮೊದಲೇ ಸಿದ್ಧ ಮಾಡಿಟ್ಟು, ಆಮೇಲೆ ಅಲ್ಲೇ ವರ್ಷನ್ ಏರಿಸಬಹುದು. ಗಂಟೆಗಳ ಕೆಲಸ ನಿಮಿಷಕ್ಕೆ ಇಳೀತು.

ಆದರೆ ಇಲ್ಲೊಂದು ಬದಲಾವಣೆ ಸದ್ದಿಲ್ಲದೆ ಆಯ್ತು. ಡಂಪ್ ದಾರಿಯಲ್ಲಿ ಇಂಡೆಕ್ಸ್ ಹೊಸದಾಗಿ ಹುಟ್ಟುತ್ತಿತ್ತು. ಈಗ ಹಳೇ ಇಂಡೆಕ್ಸ್ ಫೈಲೇ ಹೊಸ ಯಂತ್ರಕ್ಕೆ ಬರತೊಡಗಿತು.

ಇಂಡೆಕ್ಸ್ ಅಂದ್ರೆ ನಿಘಂಟಿದ್ದ ಹಾಗೆ. ಅಕ್ಷರಗಳ ಕ್ರಮದ ಮೇಲೆ ನಿಂತಿದೆ. ಮಕ್ಕಳ ವರ್ಣಮಾಲೆ ಪಟದಲ್ಲಿ ಕೆಲವೊಮ್ಮೆ ‘ಕ್ಷ’ ಕೊನೆಗೆ, ‘ಳ’ ಆದಮೇಲೆ ಇರುತ್ತೆ. ನಿಘಂಟಿನಲ್ಲಿ ‘ಕ’ ಕೆಳಗೆ ಇರುತ್ತೆ. ಪಟ ನೋಡಿ ಕಲಿತವನು ‘ಕ್ಷೀರ’ವನ್ನು ನಿಘಂಟಿನ ಕೊನೆಯಲ್ಲಿ ಹುಡುಕಿದರೆ, ಅಂಥ ಪದವೇ ಇಲ್ಲ ಅಂತಾನೆ. ಪದ ಇದೆ. ಹುಡುಕೋ ಕ್ರಮ ಬೇರೆ.

ಪೋಸ್ಟ್‌ಗ್ರೆಸ್ ಈ ಕ್ರಮವನ್ನು ಬಹುಪಾಲು ಲಿನಕ್ಸ್‌ನ ಜಿ-ಲಿಬ್‌ಸಿ ಲೈಬ್ರರಿಯಿಂದ ಪಡೆಯುತ್ತಿತ್ತು. 2018ರ ಆಗಸ್ಟ್‌ನಲ್ಲಿ ಜಿ-ಲಿಬ್‌ಸಿ 2.28 ಬಂದಾಗ ಅದರ ಕ್ರಮದ ಕೋಷ್ಟಕಗಳೇ ಬದಲಾದವು. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ಮೊದಲು ‘11’ ಆದಮೇಲೆ ‘1-1’ ಬರುತ್ತಿತ್ತು. ಈಗ ‘1-1’ ಮೊದಲು. ಡೆಬಿಯನ್ 9ರಿಂದ 10ಕ್ಕೆ, ರೆಡ್ ಹ್ಯಾಟ್ 7ರಿಂದ 8ಕ್ಕೆ, ಉಬುಂಟು 18.04ರಿಂದ 20.04ಕ್ಕೆ ಹೋದವರೆಲ್ಲ ಈ ಗಡಿ ದಾಟಿದರು. 2024ರ ಜೂನ್‌ನಲ್ಲಿ ಸೆಂಟ್‌ಒಎಸ್ 7ರ ಅವಧಿ ಮುಗಿದಾಗ ಇನ್ನಷ್ಟು ಜನ ದಾಟಬೇಕಾಯ್ತು.

ಪರಿಣಾಮ ಏನು? ಗ್ರಾಹಕರ ಇಮೇಲ್ ಟೇಬಲ್‌ನಲ್ಲಿದೆ, ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗಲ್ಲ. ಸಿಗದಿದ್ದರೆ ಯೂನಿಕ್ ನಿಯಮವೂ ಸೋಲುತ್ತೆ. ಅದೇ ಇಮೇಲ್ ಎರಡನೇ ಸಲ ಒಳಗೆ ಬರಬಹುದು. ಸರ್ವರ್ ಎದ್ದಿರುತ್ತೆ, ಸಾಲುಗಳ ಎಣಿಕೆ ಸರಿಹೋಗುತ್ತೆ, ಲಾಗ್‌ನಲ್ಲಿ ಎರರ್ ಕಾಣದೇ ಇರಬಹುದು. ಭಾನುವಾರ ಬೆಳಿಗ್ಗೆ ಎಲ್ಲರೂ ನೆಮ್ಮದಿಯಾಗಿ ಮಲಗ್ತಾರೆ, ತಪ್ಪು ಮಾತ್ರ ಬೆಳೀತಾ ಇರುತ್ತೆ.

ಮುಂದಿನ ವರ್ಷನ್‌ಗಳು ಒಂದೊಂದಾಗಿ ಮದ್ದು ತಂದವು. 2017ರ 10ರಲ್ಲಿ ಲಾಜಿಕಲ್ ರೆಪ್ಲಿಕೇಷನ್ ಬಂತು. ಇದರಲ್ಲಿ ಫೈಲ್ ಬದಲು ಸಾಲುಗಳು ಸಾಗುತ್ತವೆ, ಇಂಡೆಕ್ಸ್ ಹೊಸ ಕಡೆಯೇ ಹುಟ್ಟುತ್ತೆ. ಇಂಡೆಕ್ಸ್ ಸರಿ ಇದೆಯಾ ಅಂತ ಪರೀಕ್ಷಿಸೋ ಆಮ್‌ಚೆಕ್ ಕೂಡ ಅದರ ಜೊತೆಗೇ ಬಂತು. 2019ರ 12ರಲ್ಲಿ ಸೇವೆ ನಿಲ್ಲಿಸದೆ ರೀಇಂಡೆಕ್ಸ್ ಮಾಡೋ ಅನುಕೂಲ ಸಿಕ್ತು. 2022ರ 15ರಿಂದ ಡೇಟಾಬೇಸ್ ತನ್ನ ಕೊಲೇಷನ್ ವರ್ಷನ್ ನೆನಪಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಸುತ್ತೆ. 2024ರ 17ರಲ್ಲಿ ಆಪರೇಟಿಂಗ್ ಸಿಸ್ಟಮ್ ಮೇಲೆ ಅವಲಂಬಿಸದ ಅಕ್ಷರಕ್ರಮವೂ ಬಂತು.

ಹಾಗಂತ ಡಂಪ್ ದಾರಿಗೇ ಮರಳಿ ಅಂತ ನಾನು ಹೇಳ್ತಿಲ್ಲ. ನಿಧಾನದ ದಾರಿ ಯಾರೂ ಲೆಕ್ಕಕ್ಕೆ ಇಡದ ಒಂದು ಕೆಲಸವನ್ನು ಪುಕ್ಕಟೆ ಮಾಡ್ತಿತ್ತು. ವೇಗದ ದಾರಿ ಹಿಡಿದಮೇಲೆ ಅದು ನಮ್ಮ ಕೆಲಸ ಆಯ್ತು. ಮುಂದಿನ ರನ್‌ಬುಕ್ ಬರೆಯುವಾಗ ಎರಡೂ ಸರ್ವರ್‌ಗಳ ಜಿ-ಲಿಬ್‌ಸಿ ವರ್ಷನ್ ನೋಡಿ. ನಡುವೆ 2.28ರ ಗಡಿ ಇದ್ದರೆ, ಪಠ್ಯದ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿದ ಮೇಲೇ ಬಳಕೆದಾರರಿಗೆ ಬಾಗಿಲು ತೆಗೀರಿ. ಆ ಅರ್ಧ ಗಂಟೆಯನ್ನು ಮ್ಯಾನೇಜರ್ ಹತ್ರ ಮೊದಲೇ ಕೇಳಿ ಇಟ್ಕೊಳ್ಳಿ.