ಅಜ್ಜಿಯ ತಲೆಸುತ್ತು, ಕಿವಿಯೊಳಗಿನ ಹರಳು

ಕುಣಿಗಲ್ಲಿನ ನಮ್ಮಜ್ಜಿ ನೆಟ್ಟಗೆ ಮಲಗಿದ್ದನ್ನ ನಾನು ನೋಡಿದ್ದೇ ಕಮ್ಮಿ. ಗೋಡೆಗೆ ದಿಂಬು ಕೊಟ್ಟು, ಒರಗಿ ಕೂತೇ ರಾತ್ರಿ ಕಳೆಯೋರು. ಬಲಕ್ಕೆ ಹೊರಳಿದ್ರೆ ಜಂತೆಯೆಲ್ಲ ಗಿರ್ರಂತ ತಿರುಗ್ತೈತೆ ಅನ್ನೋರು. ಪಿತ್ತ ಅಂದ್ವಿ, ಜೀರಿಗೆ ಕಷಾಯ ಕೊಟ್ವಿ, ದೃಷ್ಟಿ ತೆಗೆದ್ವಿ. ಮುದುಕಿ ನೆಪ ತೆಗೀತಾಳೆ ಅಂದೋರೂ ಇದ್ರು. ನಾನೂ ಅವರಲ್ಲೊಬ್ಳು.

ಹೋದ ವರ್ಷ ಗುಬ್ಬಿಯ ನಮ್ಮತ್ತೆಗೂ ಅದೇ ಆಯ್ತು. ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ತಲೆ ಎತ್ತಿದ್ದೇ ತಡ, ಕುಸಿದು ಕೂತ್ರು. ತುಮಕೂರಿನ ಕಿವಿ ಡಾಕ್ಟ್ರು ಮಾತ್ರೆ ಬರೀಲಿಲ್ಲ. ಮಂಚದ ಮೇಲೆ ಕೂರಿಸಿ, ತಲೆ ಬಲಕ್ಕೆ ತಿರುಗಿಸಿ, ಸರ್ರಂತ ಹಿಂದಕ್ಕೆ ಮಲಗಿಸಿದ್ರು. ಅತ್ತೆ ಕಣ್ಣುಗುಡ್ಡೆ ತಿರುಚಿಕೊಂಡು ಕುಣಿದ್ವು. ಸುತ್ತು ನಿಲ್ಲೋವರೆಗೂ ತಲೆ ಹಿಡಿದಿದ್ದು ಎಡಕ್ಕೆ ತಿರುಗಿಸಿದ್ರು. ಆಮೇಲೆ ಮೈಯನ್ನೂ ಎಡಕ್ಕೆ ಹೊರಳಿಸಿ, ಮುಖ ನೆಲ ನೋಡೋಹಂಗೆ ಮಾಡಿ, ನಿಧಾನಕ್ಕೆ ಎಬ್ಬಿಸಿದ್ರು. ಐದು ನಿಮಿಷದ ಕೆಲಸ.

ಒಳಕಿವಿಯಲ್ಲಿ ಸುಣ್ಣದಕಲ್ಲಿನ ಜಾತಿಯ ಸಣ್ಣಸಣ್ಣ ಹರಳು ಇರ್ತಾವೆ. ಅವು ಜಾಗ ಬಿಟ್ಟು ಅಲ್ಲೇ ಇರೋ ಬಾಗಿದ ನಾಳಕ್ಕೆ ಇಳಿದ್ರೆ, ತಲೆ ಹೊರಳಿಸಿದಾಗೆಲ್ಲ ಒಳಗಿನ ದ್ರವ ಕದಡಿ ಲೋಕವೇ ತಿರುಗ್ತೈತೆ. ಟೊಳ್ಳು ಬಳೆಯೊಳಗೆ ಸೇರಿದ ರಾಗಿಕಾಳನ್ನ ಬಳೆ ತಿರುಗಿಸಿ ಉದುರಿಸ್ತೀವಲ್ಲ, ಡಾಕ್ಟ್ರು ಮಾಡಿದ್ದೂ ಅದೇ.

ಮಗಳ ಕೈಲಿ ಹುಡುಕಿಸಿ ಓದಿದೆ. ನೊಬೆಲ್ ಪಡೆದಿದ್ದ ರಾಬರ್ಟ್ ಬಾರಾನಿ 1921ರಲ್ಲೇ, ಮಗ್ಗುಲಾದ್ರೆ ಮಾತ್ರ ಸುತ್ತು ಬರ್ತಿದ್ದ 27 ವರ್ಷದ ಹೆಣ್ಣುಮಗಳ ವಿಷಯ ಬರೆದಿದ್ರು. ಅವಳ ಮಾತನ್ನ ನೆಪ ಅನ್ನಲಿಲ್ಲ ನೋಡಿ. ಮಲಗಿಸಿ ಕಣ್ಣು ನೋಡೋ ಪರೀಕ್ಷೆಯನ್ನ 1952ರಲ್ಲಿ ವಿವರಿಸಿದ್ದು ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಹಾಲ್‌ಪೈಕ್. ಡಿಕ್ಸ್ ಯುದ್ಧದ ಬಾಂಬ್ ದಾಳೀಲಿ ಮುಖಕ್ಕೆ, ಕಣ್ಣಿಗೆ ಪೆಟ್ಟು ತಿಂದು ಶಸ್ತ್ರಚಿಕಿತ್ಸೆಯ ಆಸೆ ಬಿಟ್ಟಾಕೆ. ಹಿಂಗೆ ಹೊರಳಿಸಿ ವಾಸಿ ಮಾಡಬಹುದು ಅಂತ ಅಮೆರಿಕದ ಜಾನ್ ಎಪ್ಲಿ 1980ರಲ್ಲಿ ತೋರಿಸಿದಾಗ ಡಾಕ್ಟ್ರುಗಳೇ ನಕ್ಕರಂತೆ. ಅವರ ಹೆಸರಾದ ಲೇಖನ ಅಚ್ಚಾಗಿದ್ದು 1992ರಲ್ಲಿ. ನಮ್ಮಜ್ಜಿ ತೀರಿಕೊಂಡಿದ್ದು 1994ರಲ್ಲಿ, ಕೂತೇ.

ಎಲ್ಲಾ ತಲೆಸುತ್ತೂ ಇದೇ ಅಲ್ಲ ಕಣ್ರಮ್ಮ. ಮಾತು ತೊದಲಿದ್ರೆ, ಕೈಕಾಲು ಸ್ವಾಧೀನ ತಪ್ಪಿದ್ರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಯಾವ ಕಿವಿ ಅಂತ ಡಾಕ್ಟ್ರು ಹೇಳದೆ ಮನೇಲಿ ಯಾರ ಕತ್ತೂ ತಿರುಗಿಸ್ಬೇಡಿ.

ಅತ್ತೆಗೆ ವಾರ ಬಿಟ್ಟು ಇನ್ನೊಂದು ಸಲ ಹೊರಳಿಸಿದ್ರು. ಈಗ ಬಲಮಗ್ಗುಲಿಗೇ ಮಲಗ್ತಾರೆ, ಗೊರಕೆ ಸಮೇತ.